ನಮೀಬ್‌ನಿಂದ ಒಕವಾಂಗೊವರೆಗೆ: ಮರಳು ಮತ್ತು ನೀರಿನ ನಡುವಿನ ಸಫಾರಿ

ಆಫ್ರಿಕಾದ ದಕ್ಷಿಣ ಭಾಗದಲ್ಲಿ ಸಣ್ಣ ತಂಡಗಳು ಕೈಗೊಳ್ಳುವ ಸಫಾರಿಗಳಲ್ಲಿ ಒಂದು ಹಾದಿ ಬಹಳ ಹೆಸರುವಾಸಿಯಾಗಿದೆ. ನಮೀಬಿಯಾದ ರಾಜಧಾನಿ ವಿಂಡ್‌ಹುಕ್‌ನಿಂದ ಹೊರಡುವ ತಂಡ ನಮೀಬ್ ಮರುಭೂಮಿಯ ಕೆಂಪು ಮರಳುಗುಡ್ಡಗಳನ್ನೂ ಅಟ್ಲಾಂಟಿಕ್ ಕರಾವಳಿಯನ್ನೂ ಎಟೋಶಾದ ಉಪ್ಪುಬಯಲನ್ನೂ ನೋಡಿಕೊಂಡು ಪೂರ್ವಕ್ಕೆ ತಿರುಗುತ್ತದೆ. ಬೋಟ್ಸ್ವಾನಾದ ಒಕವಾಂಗೊ ಜೌಗುಪ್ರದೇಶ ಮತ್ತು ಚೋಬೆ ನದಿಯನ್ನು ಹಾದು ವಿಕ್ಟೋರಿಯಾ ಜಲಪಾತದ ಬಳಿ ಪ್ರಯಾಣ ಮುಗಿಸುತ್ತದೆ. ಎರಡರಿಂದ ಮೂರು ವಾರ ಹಿಡಿಯುವ ಈ ಪ್ರಯಾಣದಲ್ಲಿ ರಸ್ತೆಯ ದೂರವೇ ಸುಮಾರು 3,000 ಕಿಲೋಮೀಟರ್ ಆಗುತ್ತದೆ. ಪ್ರವಾಸದ ಕೈಪಿಡಿಗಳು ಇದನ್ನು ಒಂದಕ್ಕೊಂದು ತದ್ವಿರುದ್ಧವಾದ ಎರಡು ಲೋಕಗಳ ದರ್ಶನವೆಂದು ಬಣ್ಣಿಸುತ್ತವೆ. ಕಣ್ಣಿಗೆ ಕಾಣುವ ಮಟ್ಟಿಗೆ ಆ ಮಾತು ಸರಿ. ಆದರೆ ಯಾವ ತಿಂಗಳಲ್ಲಿ ಹೋಗಬೇಕು, ಯಾವ ದಿಕ್ಕಿನಿಂದ ಆರಂಭಿಸಬೇಕು, ತಂಡದಲ್ಲಿ ಎಷ್ಟು ಜನ ಇರಬೇಕು, ಒಂದು ಕಡೆ ನಡೆಯುವುದು ಇನ್ನೊಂದು ಕಡೆ ಏಕೆ ನಡೆಯುವುದಿಲ್ಲ ಎಂಬ ಪ್ರಶ್ನೆಗಳಿಗೆ ಉತ್ತರ ಬೇಕಿದ್ದರೆ ಈ ಎರಡು ಭೂಭಾಗಗಳನ್ನು ಬೇರೆ ಬೇರೆಯಾಗಿ ನೋಡಬಾರದು. ಎರಡೂ ಕಡೆ ಸ್ಥಳೀಯ ಮಳೆಯಿಂದ ಬದುಕು ಸಾಗುವುದಿಲ್ಲ. ಎರಡೂ ಕಡೆ ಜೀವಕ್ಕೆ ಆಧಾರವಾದ ನೀರು ಬೇರೆಲ್ಲಿಂದಲೋ ಬರುತ್ತದೆ: ನಮೀಬ್‌ಗೆ ಸಮುದ್ರದಿಂದ ಮಂಜಾಗಿ, ಒಕವಾಂಗೊಗೆ ಅಂಗೋಲಾದ ಎತ್ತರದ ನಾಡಿನಿಂದ ಪ್ರವಾಹವಾಗಿ.

ಮೊದಲು ಮರುಭೂಮಿಯ ಸಂಗತಿ. ನಮೀಬ್ ಜಗತ್ತಿನ ಅತಿ ಹಳೆಯ ಮರುಭೂಮಿಗಳಲ್ಲಿ ಒಂದು. ಅಂಗೋಲಾದ ದಕ್ಷಿಣದಿಂದ ದಕ್ಷಿಣ ಆಫ್ರಿಕಾದ ಉತ್ತರದವರೆಗೆ ಕರಾವಳಿಯುದ್ದಕ್ಕೂ ಸುಮಾರು 2,000 ಕಿಲೋಮೀಟರ್ ಚಾಚಿಕೊಂಡಿದೆ. ಪಕ್ಕದಲ್ಲೇ ಮಹಾಸಾಗರವಿದ್ದರೂ ಈ ನೆಲ ಒಣಗಿರುವುದಕ್ಕೆ ಆ ಸಾಗರವೇ ಕಾರಣ. ದಕ್ಷಿಣದಿಂದ ಹರಿದು ಬರುವ ಬೆಂಗ್ವೆಲಾ ಎಂಬ ತಣ್ಣನೆಯ ಪ್ರವಾಹ ಮತ್ತು ಆಳದಿಂದ ಮೇಲೇಳುವ ತಂಪು ನೀರು ಸಮುದ್ರದ ಮೇಲಿನ ಗಾಳಿಯನ್ನು ತಂಪಾಗಿಸುತ್ತವೆ. ತಂಪಾದ ಗಾಳಿ ಭಾರವಾಗಿರುವುದರಿಂದ ಮೇಲಕ್ಕೇರುವುದಿಲ್ಲ. ಮೇಲಕ್ಕೇರದೆ ಮಳೆಮೋಡ ಕಟ್ಟುವುದಿಲ್ಲ. ಅದರ ತೇವಾಂಶ ನೆಲದ ಮಟ್ಟದಲ್ಲೇ ಮಂಜಾಗಿ ನಿಂತು, ಗಾಳಿ ಅನುಕೂಲವಾಗಿ ಬೀಸಿದ ದಿನಗಳಲ್ಲಿ ಹತ್ತಾರು ಕಿಲೋಮೀಟರ್ ಒಳನಾಡಿಗೆ ಸರಿಯುತ್ತದೆ. ಸ್ವಾಕೊಪ್‌ಮುಂಡ್ ಪಟ್ಟಣದಲ್ಲಿ ವರ್ಷದ ಸರಾಸರಿ ಮಳೆ 20 ಮಿಲಿಮೀಟರಿಗಿಂತಲೂ ಕಡಿಮೆ, ಆದರೆ ಅದೇ ಕರಾವಳಿಯಲ್ಲಿ ವರ್ಷಕ್ಕೆ ನೂರಕ್ಕೂ ಹೆಚ್ಚು ದಿನ ಮಂಜು ಕವಿದಿರುತ್ತದೆ.

ಈ ಮಂಜನ್ನು ಕುಡಿದು ಬದುಕುವ ಜೀವಿಗಳೇ ನಮೀಬ್‌ನ ನಿಜವಾದ ವಿಸ್ಮಯವೆಂದು ನಾನು ನಂಬುತ್ತೇನೆ, ಸಿಂಹ ಮತ್ತು ಆನೆಗಳನ್ನು ಹುಡುಕಿಕೊಂಡು ಬಂದವರು ಅವುಗಳನ್ನು ಗಮನಿಸದೆ ಹೋಗುವುದೇ ಹೆಚ್ಚಾದರೂ. ಒನಿಮ್ಯಾಕ್ರಿಸ್ ಎಂಬ ಕಪ್ಪು ಜೀರುಂಡೆ ಮಂಜು ಬರುವ ಹೊತ್ತಿಗೆ ಮರಳುಗುಡ್ಡದ ಏಣಿನ ತುದಿಗೇರುತ್ತದೆ. ಗಾಳಿಗೆ ಎದುರಾಗಿ ನಿಂತು, ಹಿಂಗಾಲುಗಳನ್ನು ಚಾಚಿ, ಬೆನ್ನನ್ನು ಮೇಲೆತ್ತಿ ತಲೆಯನ್ನು ಕೆಳಗೆ ಮಾಡುತ್ತದೆ. ಬೆನ್ನಿನ ಮೇಲೆ ಕೂಡಿದ ಹನಿಗಳು ದಪ್ಪಗಾಗಿ, ಇಳಿಜಾರಿನಲ್ಲಿ ಜಾರಿ ಬಾಯಿಗೆ ಇಳಿಯುತ್ತವೆ. ಇದೇ ಕುಲಕ್ಕೆ ಹತ್ತಿರದ ಇನ್ನೊಂದು ಬಗೆಯ ಜೀರುಂಡೆ ಮರಳಿನಲ್ಲಿ ಸಣ್ಣ ಕಾಲುವೆ ತೋಡಿ, ಅದರ ಏರಿಯಲ್ಲಿ ಕೂಡಿದ ತೇವವನ್ನು ಹೀರುತ್ತದೆ. ಇಂಥ ಸಂಗತಿಗಳನ್ನು ಅಧ್ಯಯನ ಮಾಡಲೆಂದೇ 1962ರಲ್ಲಿ ಗೊಬಾಬೆಬ್ ಎಂಬಲ್ಲಿ ಸಂಶೋಧನಾ ಕೇಂದ್ರ ಆರಂಭವಾಯಿತು. ಆ ಕೇಂದ್ರವಿರುವ ಜಾಗವೂ ವಿಶೇಷವಾದದ್ದು. ಅಲ್ಲಿ ಹರಿಯುವ ಕುಯಿಸೆಬ್ ನದಿ ವರ್ಷದ ಬಹುಪಾಲು ಒಣಗಿಯೇ ಇರುತ್ತದೆ. ಆದರೂ ಅದರ ದಕ್ಷಿಣಕ್ಕೆ ಮರಳುಗುಡ್ಡಗಳ ಸಾಗರವಿದ್ದರೆ, ಉತ್ತರಕ್ಕೆ ಒಮ್ಮೆಗೇ ಕಲ್ಲುಹರಳಿನ ಬಯಲು ಶುರುವಾಗುತ್ತದೆ. ಗಾಳಿಯ ಜೊತೆ ಉತ್ತರಕ್ಕೆ ಸರಿಯುವ ಮರಳನ್ನು ಅಪರೂಪಕ್ಕೆ ಬರುವ ಪ್ರವಾಹವೊಂದು ಪ್ರತಿಬಾರಿ ಕೊಚ್ಚಿಕೊಂಡು ಹೋಗುವುದರಿಂದ ಗುಡ್ಡಗಳು ನದಿಯನ್ನು ದಾಟಲಾರವು. ಆ ಕಲ್ಲುಹರಳಿನ ಬಯಲಿನಲ್ಲೇ ಎರಡೇ ಎಲೆಗಳಲ್ಲಿ ಸಾವಿರಕ್ಕೂ ಹೆಚ್ಚು ವರ್ಷ ಬದುಕಬಲ್ಲ ವೆಲ್ವಿಚಿಯಾ ಗಿಡಗಳಿವೆ.

ಬಹುತೇಕ ತಂಡಗಳು ನಮೀಬ್ ಎಂದರೆ ನೋಡುವುದು ಮರಳುಗುಡ್ಡಗಳ ನಡುವಿನ ಜೇಡಿಬಯಲಾದ ಸೊಸುಸ್‌ಫ್ಲೆಯನ್ನು. 2013ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ನಮೀಬ್ ಮರಳುಸಾಗರದ ಭಾಗವಿದು. ಇಲ್ಲಿನ ಮರಳು ಕೂಡ ದೂರದಿಂದ ಬಂದದ್ದು: ಆರೆಂಜ್ ನದಿ ಒಳನಾಡಿನ ಮಣ್ಣನ್ನು ಅಟ್ಲಾಂಟಿಕ್‌ಗೆ ತಂದು ಸುರಿಯುತ್ತದೆ, ಕರಾವಳಿಯ ಅಲೆ ಮತ್ತು ಪ್ರವಾಹಗಳು ಅದನ್ನು ಉತ್ತರಕ್ಕೆ ಒಯ್ಯುತ್ತವೆ, ಅಲ್ಲಿಂದ ಗಾಳಿ ಮತ್ತೆ ಒಳನಾಡಿಗೆ ತರುತ್ತದೆ. ಮರಳಿನ ಕಣಗಳ ಮೇಲಿನ ಕಬ್ಬಿಣದ ಆಕ್ಸೈಡ್ ಲೇಪವೇ ಕೆಂಪು ಬಣ್ಣಕ್ಕೆ ಕಾರಣ. ತ್ಸೌಖಾಬ್ ನದಿ ಈ ಗುಡ್ಡಗಳ ನಡುವೆ ಬಂದು ದಾರಿ ಕಾಣದೆ ಇಂಗುತ್ತದೆ. ಒಳ್ಳೆಯ ಮಳೆಯಾದ ಅಪರೂಪದ ವರ್ಷಗಳಲ್ಲಿ ಮಾತ್ರ ಅದರ ನೀರು ಸೊಸುಸ್‌ಫ್ಲೆವರೆಗೆ ತಲುಪಿ ಕೆರೆಯಾಗಿ ನಿಲ್ಲುತ್ತದೆ. ಪಕ್ಕದ ಡೆಡ್‌ಫ್ಲೆಗೆ ಆ ಭಾಗ್ಯವೂ ಇಲ್ಲ. ಶತಮಾನಗಳ ಹಿಂದೆ ಮರಳುಗುಡ್ಡವೊಂದು ನದಿಯ ದಾರಿಯನ್ನು ಮುಚ್ಚಿದ್ದರಿಂದ ಅಲ್ಲಿನ ಜಾಲಿ ಜಾತಿಯ ಮರಗಳು ಸತ್ತವು. ಕೊಳೆಯುವುದಕ್ಕೂ ತೇವ ಬೇಕಾದ್ದರಿಂದ ಅವು ಇಂದಿಗೂ ಬಿಳಿಯ ಜೇಡಿನೆಲದ ಮೇಲೆ ಕಪ್ಪಗೆ ನಿಂತಿವೆ.

ಇಲ್ಲಿ ಪ್ರಾಯೋಗಿಕವಾಗಿ ತಿಳಿದಿರಬೇಕಾದ ಒಂದು ವಿಷಯವಿದೆ. ಸೆಸ್ರಿಮ್ ದ್ವಾರದಿಂದ ಸೊಸುಸ್‌ಫ್ಲೆಗೆ 60 ಕಿಲೋಮೀಟರಿಗೂ ಹೆಚ್ಚು ದೂರ; ಕೊನೆಯ ಐದು ಕಿಲೋಮೀಟರ್ ಆಳವಾದ ಮರಳಿನ ದಾರಿಯಾದ್ದರಿಂದ ನಾಲ್ಕೂ ಚಕ್ರಗಳಿಗೆ ಎಂಜಿನ್ ಬಲ ತಲುಪುವ ವಾಹನವೇ ಬೇಕು. ಹೊರದ್ವಾರ ತೆರೆಯುವುದು ಸೂರ್ಯೋದಯಕ್ಕೆ. ದ್ವಾರದ ಒಳಗೆ ಉಳಿದುಕೊಂಡವರನ್ನು ಮಾತ್ರ ಅದಕ್ಕಿಂತ ಮೊದಲೇ ಗುಡ್ಡಗಳತ್ತ ಬಿಡುತ್ತಾರೆ. ಮುಂಜಾನೆಯ ಓರೆ ಬೆಳಕಿನಲ್ಲಿ ಗುಡ್ಡದ ಒಂದು ಮಗ್ಗುಲು ಹೊಳೆದು ಇನ್ನೊಂದು ಮಗ್ಗುಲು ನೆರಳಾಗಿರುವ ನೋಟವನ್ನು ಬಯಸುವವರು ತಮ್ಮ ತಂಡ ಎಲ್ಲಿ ತಂಗುತ್ತದೆ ಎಂದು ಹಣ ಕಟ್ಟುವ ಮೊದಲೇ ಕೇಳುವುದು ಒಳ್ಳೆಯದು. ಬಿಸಿಲೇರಿದ ಮೇಲೆ ಆ ಮರಳನ್ನು ಹತ್ತುವುದು ಪ್ರಯಾಸವೂ ಹೌದು, ಬೇಸಗೆಯಲ್ಲಿ ಅಪಾಯವೂ ಹೌದು.

ಎಟೋಶಾ ಈ ಎರಡು ಲೋಕಗಳ ನಡುವಿನ ಮಜಲು. 1907ರಲ್ಲಿ ಜರ್ಮನ್ ಆಡಳಿತದಲ್ಲಿ ಮೀಸಲು ಪ್ರದೇಶವಾಗಿ ಘೋಷಿತವಾದ ಈಗಿನ ರಾಷ್ಟ್ರೀಯ ಉದ್ಯಾನದ ವಿಸ್ತಾರ 22,000 ಚದರ ಕಿಲೋಮೀಟರಿಗೂ ಹೆಚ್ಚು. ಅದರಲ್ಲಿ ಸುಮಾರು 4,800 ಚದರ ಕಿಲೋಮೀಟರ್ ಬರೀ ಉಪ್ಪುಬಯಲು. ಬಯಲಿನ ದಕ್ಷಿಣದ ಅಂಚಿನಲ್ಲಿ ಭೂಮಿಯಿಂದ ಒಸರುವ ಚಿಲುಮೆಗಳೂ ಕೊಳವೆಬಾವಿಗಳಿಂದ ತುಂಬಿಸುವ ಹೊಂಡಗಳೂ ಇವೆ. ಒಣ ತಿಂಗಳುಗಳಲ್ಲಿ ಬೇರೆಲ್ಲೂ ನೀರಿಲ್ಲದ ಕಾರಣ ಆನೆ, ಜೀಬ್ರಾ, ಒರಿಕ್ಸ್ ಚಿಗರೆ, ಸಿಂಹಗಳೆಲ್ಲ ಈ ಹೊಂಡಗಳಿಗೆ ಬರಲೇಬೇಕು. ಆದ್ದರಿಂದ ಎಟೋಶಾದ ಸಫಾರಿ ಎಂದರೆ ಪ್ರಾಣಿಯ ಬೆನ್ನುಹತ್ತಿ ಅಲೆಯುವುದಲ್ಲ, ಒಂದು ಹೊಂಡದ ಬಳಿ ಎಂಜಿನ್ ನಿಲ್ಲಿಸಿ ಗಂಟೆಗಟ್ಟಲೆ ಕಾಯುವುದು. ಒಕೌಕುಯೆಯೊ ವಸತಿಯ ಪಕ್ಕದ ಹೊಂಡಕ್ಕೆ ರಾತ್ರಿಯಿಡೀ ದೀಪದ ಬೆಳಕಿದ್ದು, ಅಳಿವಿನಂಚಿನಲ್ಲಿರುವ ಕಪ್ಪು ಘೇಂಡಾಮೃಗಗಳನ್ನು ಕಲ್ಲಿನ ತಡೆಗೋಡೆಯ ಈಚೆ ಕೂತು ನೋಡಬಹುದು. ಘೇಂಡಾಮೃಗ ಒಮ್ಮೆಗೇ ನೀರಿಗೆ ಬರುವುದಿಲ್ಲ. ಬೆಳಕಿನ ಅಂಚಿನಲ್ಲಿ ನಿಂತು, ಕಿವಿಗಳನ್ನು ಒಂದೊಂದಾಗಿ ತಿರುಗಿಸಿ ಆಲಿಸಿ, ಎರಡು ಹೆಜ್ಜೆ ಇಟ್ಟು ಮತ್ತೆ ನಿಲ್ಲುತ್ತದೆ. ತಂಡದಲ್ಲಿ ಒಬ್ಬರು ಕುರ್ಚಿ ಎಳೆದ ಸದ್ದಿಗೇ ಅದು ಹಿಂದೆ ಸರಿದುಬಿಡಬಹುದು. ಹನ್ನೆರಡು ಜನರ ತಂಡಕ್ಕೂ ನಲವತ್ತು ಜನರ ತಂಡಕ್ಕೂ ಇರುವ ವ್ಯತ್ಯಾಸ ತಿಳಿಯುವುದು ಇಂಥ ಹೊತ್ತಿನಲ್ಲಿ.

ಒಳ್ಳೆಯ ಮಳೆಯ ವರ್ಷಗಳಲ್ಲಿ ಎಟೋಶಾದ ಉಪ್ಪುಬಯಲಿನಲ್ಲೂ ತೆಳುವಾಗಿ ನೀರು ನಿಲ್ಲುತ್ತದೆ, ಆಗ ಫ್ಲೆಮಿಂಗೊ ಹಕ್ಕಿಗಳು ಗೂಡುಕಟ್ಟಲು ಬರುತ್ತವೆ. ಆ ನೀರಿನ ಒಂದು ಪಾಲು ಕೂಡ ದಕ್ಷಿಣ ಅಂಗೋಲಾದಲ್ಲಿ ಹುಟ್ಟುವ ಕುವೆಲಾಯಿ ಜಲಾನಯನದ್ದು.

ಇನ್ನು ಒಕವಾಂಗೊ. ನಕ್ಷೆಯಲ್ಲಿ ಇದು ಅಂಗೈ ಬಿಡಿಸಿದಂತೆ ಕಾಣುವ ಮುಖಜ ಭೂಮಿ. ಆದರೆ ಮುಖಜ ಭೂಮಿಗಳು ಸಾಮಾನ್ಯವಾಗಿ ಸಮುದ್ರದ ಅಂಚಿನಲ್ಲಿದ್ದರೆ ಇದು ಕಲಹಾರಿ ಮರುಭೂಮಿಯ ಮರಳಿನ ನಡುವೆ ಇದೆ. ಅಂಗೋಲಾದ ಎತ್ತರದ ನಾಡಿನಲ್ಲಿ ಸಾಮಾನ್ಯವಾಗಿ ನವೆಂಬರ್‌ನಿಂದ ಏಪ್ರಿಲ್‌ವರೆಗೆ ಮಳೆ ಸುರಿಯುತ್ತದೆ. ಆ ನೀರನ್ನು ಕ್ಯುಬಾಂಗೊ ಮತ್ತು ಕ್ವಿಟೊ ಎಂಬ ಎರಡು ನದಿಗಳು ಹೊತ್ತು ತರುತ್ತವೆ. ಕ್ಯುಬಾಂಗೊ ಬೇಗ ಹರಿಯುತ್ತದೆ. ಕ್ವಿಟೊದ ನೀರು ಮರಳು ಮತ್ತು ಜೌಗಿನಲ್ಲಿ ತಂಗಿ, ನಿಧಾನವಾಗಿ ಇಳಿಯುತ್ತದೆ. ಎರಡೂ ಕೂಡಿ ನಮೀಬಿಯಾದ ಕಿರಿದಾದ ಪಟ್ಟಿಯನ್ನು ದಾಟಿ ಮೊಹೆಂಬೊ ಬಳಿ ಬೋಟ್ಸ್ವಾನಾವನ್ನು ಸೇರುವಾಗ ನದಿ ಇನ್ನೂ ಒಂದೇ ಕಣಿವೆಯಲ್ಲಿರುತ್ತದೆ. ಅಲ್ಲಿಂದ ಮುಂದೆ ಭೂಮಿಯ ಬಿರುಕುಗಳ ನಡುವೆ ಕುಸಿದ ತಗ್ಗಿಗೆ ಇಳಿದು ಹರಡಿಕೊಳ್ಳುತ್ತದೆ. ಈ ತಗ್ಗು ಎಷ್ಟು ಸಮತಟ್ಟಾಗಿದೆಯೆಂದರೆ ಒಂದು ಕಿಲೋಮೀಟರಿಗೆ ಸುಮಾರು 30 ಸೆಂಟಿಮೀಟರ್ ಮಾತ್ರ ಇಳಿಜಾರು. ಅದರ ಮೇಲೆ ಜೊಂಡು ಮತ್ತು ಪಪೈರಸ್ ಬೇರೆ ದಟ್ಟವಾಗಿ ಬೆಳೆದಿವೆ. ಹಾಗಾಗಿ ಪ್ರವಾಹ ತೆವಳುತ್ತದೆ. ಸುಮಾರು 250 ಕಿಲೋಮೀಟರ್ ದೂರದ ಮಾವುನ್ ಪಟ್ಟಣವನ್ನು ತಲುಪಲು ತಿಂಗಳುಗಳೇ ಬೇಕಾಗುತ್ತವೆ.

ಇದರ ಪರಿಣಾಮವನ್ನು ಸರಿಯಾಗಿ ಗ್ರಹಿಸಿದರೆ ಇಡೀ ಪ್ರಯಾಣದ ಲೆಕ್ಕಾಚಾರ ತಿಳಿಯುತ್ತದೆ. ಅಂಗೋಲಾದ ಬೇಸಗೆ ಮಳೆಯ ನೀರು ಒಕವಾಂಗೊವನ್ನು ಪೂರ್ತಿ ತುಂಬುವುದು ಜೂನ್‌ನಿಂದ ಆಗಸ್ಟ್ ನಡುವೆ, ಅಂದರೆ ಬೋಟ್ಸ್ವಾನಾದಲ್ಲಿ ಒಂದು ಹನಿ ಮಳೆಯೂ ಬೀಳದ ಚಳಿಗಾಲದಲ್ಲಿ (ದಕ್ಷಿಣಾರ್ಧಗೋಳದಲ್ಲಿ ಬೇಸಗೆ, ಚಳಿಗಾಲಗಳು ನಮ್ಮಲ್ಲಿಗಿಂತ ತಿರುವುಮುರುವು). ಸುತ್ತಲಿನ ಕಲಹಾರಿ ಒಣಗಿ ಬೂದುಬಣ್ಣಕ್ಕೆ ತಿರುಗಿರುವಾಗಲೇ ಇಲ್ಲಿ ನೀರು ಏರುತ್ತದೆ. ಜೌಗಿನ ವಿಸ್ತಾರ ಒಣ ದಿನಗಳಲ್ಲಿ ಸುಮಾರು 6,000 ಚದರ ಕಿಲೋಮೀಟರ್ ಇದ್ದದ್ದು ಒಳ್ಳೆಯ ಪ್ರವಾಹದಲ್ಲಿ ಅದರ ಎರಡರಷ್ಟಾಗುತ್ತದೆ. ಮಳೆಗಾಲದ ಹೊಂಡಗಳು ಬತ್ತಿ ದಿಕ್ಕುಗೆಟ್ಟ ಆನೆ, ಕಾಡೆಮ್ಮೆ, ಚಿಗರೆಗಳಿಗೆ ಇದೇ ಆಸರೆ. ಪ್ರವಾಹ ಸ್ಥಳೀಯ ಮಳೆಯ ಕಾಲದಲ್ಲೇ ಬಂದಿದ್ದರೆ ಪ್ರಾಣಿಗಳಿಗೆ ನೀರು ವರ್ಷದ ಅರ್ಧ ಭಾಗ ಅತಿಯಾಗುತ್ತಿತ್ತು, ಇನ್ನರ್ಧ ಭಾಗ ಇಲ್ಲವಾಗುತ್ತಿತ್ತು. 2014ರಲ್ಲಿ ಯುನೆಸ್ಕೊ ಪಟ್ಟಿಯ 1,000ನೆಯ ತಾಣವಾಗಿ ಸೇರುವಾಗ ಒಕವಾಂಗೊ ಪಡೆದ ಮನ್ನಣೆಗೆ ಮುಖ್ಯ ಕಾರಣಗಳಲ್ಲಿ ಈ ಕಾಲದ ಹೊಂದಾಣಿಕೆಯೂ ಒಂದು.

ಇನ್ನೊಂದು ಒಗಟಿದೆ. ಇಲ್ಲಿಗೆ ಬರುವ ನೀರಿನಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಪಾಲು ಬಿಸಿಲಿಗೆ ಆವಿಯಾಗಿ ಇಲ್ಲವೇ ಗಿಡಮರಗಳ ಮೂಲಕ ಗಾಳಿಗೆ ಸೇರುತ್ತದೆ. ಹೊರಕ್ಕೆ ಹರಿಯುವುದು ತೀರಾ ಅಲ್ಪ. ನೀರು ಹೋದರೂ ಅದರಲ್ಲಿ ಕರಗಿದ್ದ ಲವಣ ಉಳಿಯಬೇಕಲ್ಲವೇ? ಹಾಗಾದರೆ ಒಕವಾಂಗೊ ಕೂಡ ಎಟೋಶಾದಂತೆ ಉಪ್ಪುಬಯಲಾಗದೆ ಸಿಹಿನೀರಿನ ತಾಣವಾಗಿ ಹೇಗೆ ಉಳಿದಿದೆ? ಉತ್ತರ ಅಲ್ಲಿನ ನಡುಗಡ್ಡೆಗಳಲ್ಲಿದೆ. ಬಹಳಷ್ಟು ನಡುಗಡ್ಡೆಗಳು ಗೆದ್ದಲ ಹುತ್ತದಿಂದ ಆರಂಭವಾದವು. ನೀರಿನ ಮಟ್ಟದಿಂದ ಮೇಲಿರುವ ಹುತ್ತದ ಮೇಲೆ ಹಕ್ಕಿಗಳು ತಂದ ಬೀಜ ಬಿದ್ದು ಮರವಾಗುತ್ತದೆ. ಅಂಚಿನ ಮರಗಳು ಸುತ್ತಲಿನ ನೀರನ್ನು ನೆಲದಡಿಯಿಂದ ಹೀರುತ್ತವೆ, ಲವಣವನ್ನು ಬಿಟ್ಟು ನೀರನ್ನಷ್ಟೇ ಬಳಸುತ್ತವೆ. ಹೀಗೆ ಲವಣವೆಲ್ಲ ನಡುಗಡ್ಡೆಯ ನಡುವಿನ ಮಣ್ಣಿನಡಿ ಸೇರುತ್ತಾ ಹೋಗುತ್ತದೆ. ನಡುಗಡ್ಡೆಯೊಂದರಲ್ಲಿ ಇಳಿದು ನಡೆದರೆ ಇದು ಕಾಲಡಿಯಲ್ಲೇ ಕಾಣುತ್ತದೆ: ಅಂಚಿನಲ್ಲಿ ಅತ್ತಿಯ ಜಾತಿಯ ಮರಗಳ ಗಾಢ ಹಸಿರು, ಸ್ವಲ್ಪ ಒಳಗೆ ತಾಳೆ, ಮತ್ತೂ ಒಳಗೆ ಮೊನಚಾದ ಹುಲ್ಲು, ನಟ್ಟನಡುವೆ ಏನೂ ಬೆಳೆಯದ ಬಿಳಿಯ ನೆಲ. ಈ ಮರಗಳನ್ನು ಕಡಿದರೆ ಲವಣ ನೀರಿಗೆ ಮರಳುತ್ತದೆ.

ಜೌಗಿನಲ್ಲಿ ಓಡಾಡಲು ತಲೆತಲಾಂತರದಿಂದ ಬಳಸುತ್ತಿರುವ ದೋಣಿ ಮೊಕೊರೊ. ಹಿಂದೆ ದೊಡ್ಡ ಮರದ ಕಾಂಡವನ್ನು ಕೊರೆದು ಮಾಡುತ್ತಿದ್ದರು. ಮರಗಳನ್ನು ಉಳಿಸುವ ಸಲುವಾಗಿ ಈಗ ಹೆಚ್ಚಾಗಿ ಫೈಬರ್‌ಗ್ಲಾಸ್ ಬಳಸುತ್ತಾರೆ. ಹಿಂದೆ ನಿಂತು ಉದ್ದನೆಯ ಗಳದಿಂದ ನೀರಿನ ತಳವನ್ನು ಊರಿ ದೋಣಿ ನಡೆಸುವವರು ಬಹುಮಟ್ಟಿಗೆ ಬಯೇಯಿ ಮತ್ತು ಹಂಬುಕುಶು ಸಮುದಾಯದವರು. ಒಂದು ದೋಣಿಯಲ್ಲಿ ಇಬ್ಬರು ಪ್ರವಾಸಿಗರು ಮಾತ್ರ ಕೂರಬಹುದು. ನೀರಾನೆಗಳು ಓಡಾಡಿ ಜೊಂಡಿನ ನಡುವೆ ತೆರೆದಿಟ್ಟ ಕಾಲುವೆಗಳೇ ದೋಣಿಗಳಿಗೂ ದಾರಿಯಾದ್ದರಿಂದ, ನೀರಾನೆ ಎಲ್ಲಿ ಮುಳುಗಿದೆ ಎಂದು ಬಲ್ಲ ಸ್ಥಳೀಯರಿಲ್ಲದೆ ಅಲ್ಲಿ ಹೋಗುವ ಮಾತೇ ಇಲ್ಲ. ಹತ್ತು ಜನರ ತಂಡಕ್ಕೆ ಐದು ದೋಣಿ, ಐವರು ನಾವಿಕರು ಸಾಕು. ಮೂವತ್ತು ಜನರಾದರೆ ಹದಿನೈದು ದೋಣಿಗಳ ಸಾಲು, ಆಮೇಲೆ ಹಕ್ಕಿಯೂ ಇಲ್ಲ, ಮೌನವೂ ಇಲ್ಲ.

ಸಣ್ಣ ತಂಡ ಎಂದರೆ ಸಾಮಾನ್ಯವಾಗಿ ಆರರಿಂದ ಹನ್ನೆರಡು ಜನ. ಈ ಸಂಖ್ಯೆ ಬರೀ ಅನುಕೂಲದ ಮಾತಲ್ಲ, ದುಡ್ಡಿನ ಲೆಕ್ಕವೂ ಹೌದು. ವಾಹನ, ಇಂಧನ, ಮಾರ್ಗದರ್ಶಿಯ ಸಂಬಳ ಇವು ನಾಲ್ಕು ಜನರಿದ್ದರೂ ಹತ್ತು ಜನರಿದ್ದರೂ ಹೆಚ್ಚು ಬದಲಾಗುವುದಿಲ್ಲ. ಹಾಗಾಗಿ ತಂಡ ತೀರಾ ಚಿಕ್ಕದಾದರೆ ತಲೆಗೆ ಬೀಳುವ ಖರ್ಚು ಏರುತ್ತದೆ, ದೊಡ್ಡದಾದರೆ ಕಿಟಕಿಯ ಪಕ್ಕದ ಜಾಗವೂ ಮಾರ್ಗದರ್ಶಿಯ ಗಮನವೂ ಹಂಚಿಹೋಗುತ್ತವೆ. ಇದರ ಜೊತೆಗೆ ಬೋಟ್ಸ್ವಾನಾ ಸರ್ಕಾರ ಬಹುಕಾಲದಿಂದ ಕಡಿಮೆ ಪ್ರವಾಸಿಗರಿಂದ ಹೆಚ್ಚು ಆದಾಯ ಎಂಬ ನೀತಿಯನ್ನು ಅನುಸರಿಸುತ್ತಿದೆ. ಜೌಗಿನೊಳಗಿನ ವಸತಿಗಳಲ್ಲಿ ಹಾಸಿಗೆಗಳ ಸಂಖ್ಯೆ ಕಡಿಮೆ, ದರ ಹೆಚ್ಚು. ನಮೀಬಿಯಾದಲ್ಲಿ ಕಳೆಯುವ ದಿನಗಳಿಗಿಂತ ಒಕವಾಂಗೊದ ದಿನಗಳು ದುಬಾರಿಯಾಗುವುದು ಇದರಿಂದಲೇ. ಕೆಲವು ವಸತಿಗಳಿಗೆ ಮಾವುನ್‌ನಿಂದ ಪುಟ್ಟ ವಿಮಾನವೇ ದಾರಿ, ಅದರಲ್ಲಿ ಸಾಮಾನಿನ ತೂಕಕ್ಕೆ ಸಾಮಾನ್ಯವಾಗಿ 15ರಿಂದ 20 ಕಿಲೋ ಮಿತಿ ಇರುತ್ತದೆ, ಗಟ್ಟಿ ಸೂಟ್‌ಕೇಸಿನ ಬದಲು ಮೆತ್ತನೆಯ ಚೀಲವೇ ಆಗಬೇಕು.

ನಿಯಮಗಳ ವಿಷಯದಲ್ಲಿ ಪ್ರವಾಸಿಗರು ಗೊಂದಲಕ್ಕೊಳಗಾಗುವುದು ಸಹಜ. ಮೊರೆಮಿ ಮತ್ತು ಚೋಬೆಯಂತಹ ಸರ್ಕಾರಿ ಸಂರಕ್ಷಿತ ಪ್ರದೇಶಗಳಲ್ಲಿ ರಾತ್ರಿ ಸಫಾರಿಗೂ ದಾರಿ ಬಿಟ್ಟು ವಾಹನ ಇಳಿಸುವುದಕ್ಕೂ ಅವಕಾಶವಿಲ್ಲ. ಪ್ರವಾಸ ಸಂಸ್ಥೆಗಳು ಗುತ್ತಿಗೆಗೆ ಪಡೆದು ನಡೆಸುವ ಪಕ್ಕದ ಪ್ರದೇಶಗಳಲ್ಲಿ ಅವಕಾಶ ಉಂಟು. ಆದ್ದರಿಂದ ಒಂದೇ ಜೌಗಿನಲ್ಲಿ ಉಳಿದರೂ ಎರಡು ತಂಡಗಳ ಅನುಭವ ಬೇರೆಯಾಗುತ್ತದೆ. ಎಟೋಶಾದಲ್ಲಿ ಬೇಲಿ ಹಾಕಿದ ತಂಗುದಾಣಗಳನ್ನು ಬಿಟ್ಟು ಬೇರೆಲ್ಲೂ ವಾಹನದಿಂದ ಇಳಿಯುವಂತಿಲ್ಲ. ಉತ್ತರ ನಮೀಬಿಯಾವನ್ನು ಅಡ್ಡಲಾಗಿ ಸೀಳುವ ಪಶುವೈದ್ಯ ಬೇಲಿಯನ್ನು ದಕ್ಷಿಣಕ್ಕೆ ದಾಟುವಾಗ ಹಸಿಮಾಂಸ ಒಯ್ಯುವಂತಿಲ್ಲ. ಕಾಲುಬಾಯಿ ಜ್ವರ ರಫ್ತಿನ ದನಗಳಿಗೆ ತಗುಲದಿರಲೆಂದು ಈ ಕಟ್ಟುನಿಟ್ಟು. ಆ ರೋಗವನ್ನು ಹೊತ್ತಿರಬಲ್ಲ ಕಾಡೆಮ್ಮೆ ಎಟೋಶಾದಲ್ಲಿ ಕಾಣಸಿಗದಿರುವುದಕ್ಕೂ ಇದೇ ಹಿನ್ನೆಲೆ. ಮಲೇರಿಯಾದ ಮುನ್ನೆಚ್ಚರಿಕೆ ಮರುಭೂಮಿಗೆ ಅಷ್ಟಾಗಿ ಬೇಡ, ಉತ್ತರ ನಮೀಬಿಯಾದಿಂದ ಮುಂದಕ್ಕೆ ಬೇಕು. ಹೊರಡುವ ಮುನ್ನ ವೈದ್ಯರನ್ನು ಕಾಣುವುದು ಕಡ್ಡಾಯವೆಂದೇ ಭಾವಿಸಬೇಕು.

ಕಾಲದ ಆಯ್ಕೆ ಎಂದರೆ ಒಂದನ್ನು ಪಡೆದು ಒಂದನ್ನು ಬಿಡುವುದು. ಜುಲೈ ಮತ್ತು ಆಗಸ್ಟ್‌ನಲ್ಲಿ ಒಕವಾಂಗೊ ತುಂಬಿರುತ್ತದೆ, ಎಟೋಶಾದ ಹೊಂಡಗಳಲ್ಲಿ ಪ್ರಾಣಿಗಳು ನೆರೆದಿರುತ್ತವೆ, ಆದರೆ ಮರುಭೂಮಿಯ ರಾತ್ರಿಗಳಲ್ಲಿ ಉಷ್ಣಾಂಶ ಸೊನ್ನೆಯ ಹತ್ತಿರಕ್ಕೆ ಇಳಿಯುವುದುಂಟು. ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನಲ್ಲಿ ಚೋಬೆ ನದಿಯ ದಡದಲ್ಲಿ ಆನೆಗಳ ಹಿಂಡುಗಳು ದಟ್ಟವಾಗಿರುತ್ತವೆ. ಬೋಟ್ಸ್ವಾನಾದಲ್ಲಿ ಸುಮಾರು 1,30,000 ಆನೆಗಳಿವೆಯೆಂಬುದು ಆಗ ಮನದಟ್ಟಾಗುತ್ತದೆ. ಆದರೆ ಬಿಸಿಲು 40 ಡಿಗ್ರಿ ಮುಟ್ಟುತ್ತದೆ, ವಿಕ್ಟೋರಿಯಾ ಜಲಪಾತ ಸೊರಗಿರುತ್ತದೆ. ಜಲಪಾತವನ್ನು ಪೂರ್ಣ ರಭಸದಲ್ಲಿ ನೋಡಬೇಕೆಂದು ಏಪ್ರಿಲ್ ಆರಿಸಿಕೊಂಡರೆ ಎತ್ತರದ ಹುಲ್ಲು ಪ್ರಾಣಿಗಳನ್ನು ಮರೆಮಾಡುತ್ತದೆ. ಹಕ್ಕಿಗಳನ್ನು ನೋಡುವ ಆಸೆಯುಳ್ಳವರು ಜನವರಿಯಿಂದ ಮಾರ್ಚ್‌ವರೆಗಿನ ಮಳೆಯ ತಿಂಗಳನ್ನು ಆರಿಸುವುದರಲ್ಲಿ ತಪ್ಪಿಲ್ಲ. ದಿಕ್ಕಿನ ವಿಷಯದಲ್ಲಿ ಮಾತ್ರ ನನಗೆ ಸಂಶಯವಿಲ್ಲ: ಪಶ್ಚಿಮದಿಂದ ಪೂರ್ವಕ್ಕೆ, ಒಣನೆಲದಿಂದ ಜೌಗಿಗೆ ಹೋಗಬೇಕು. ಹನಿ ಮಂಜಿಗಾಗಿ ತಲೆ ಕೆಳಗಾಗುವ ಜೀರುಂಡೆಯನ್ನು ಮೊದಲು ಕಂಡವರಿಗೆ ಒಕವಾಂಗೊದ ನೀರಿನ ಬೆಲೆ ಯಾರೂ ಹೇಳಿಕೊಡಬೇಕಿಲ್ಲ.

ಈ ಭೂಭಾಗಗಳು ಉಳಿದಿರುವುದರಲ್ಲಿ ಅಲ್ಲಿನ ಜನರ ಪಾತ್ರ ದೊಡ್ಡದು. 1963ರಲ್ಲಿ ಬತವಾನಾ ಜನರು ತಮ್ಮ ನಾಯಕಿ ಶ್ರೀಮತಿ ಮೊರೆಮಿಯವರ ನೇತೃತ್ವದಲ್ಲಿ, ಬೇಟೆಯಿಂದ ಬರಿದಾಗುತ್ತಿದ್ದ ತಮ್ಮದೇ ನೆಲದಲ್ಲಿ ಮೊರೆಮಿ ಮೀಸಲು ಪ್ರದೇಶವನ್ನು ಸ್ಥಾಪಿಸಿದರು. ನಮೀಬಿಯಾ 1996ರಲ್ಲಿ ಕಾನೂನು ತಿದ್ದಿ, ಹಳ್ಳಿಗರ ಸಮುದಾಯಗಳಿಗೆ ತಮ್ಮ ನೆಲದ ವನ್ಯಜೀವಿಗಳ ಮೇಲೆ ಹಕ್ಕು ಮತ್ತು ಪ್ರವಾಸೋದ್ಯಮದ ಆದಾಯ ಎರಡನ್ನೂ ಕೊಟ್ಟಿತು. 1998ರಿಂದ ನೋಂದಣಿಯಾಗುತ್ತ ಬಂದ ಇಂತಹ ಸಮುದಾಯ ಸಂರಕ್ಷಣಾ ಪ್ರದೇಶಗಳು ಈಗ 80ಕ್ಕೂ ಹೆಚ್ಚಿವೆ. ತಂಡವೊಂದು ಇವುಗಳ ತಂಗುದಾಣದಲ್ಲಿ ಉಳಿಯುತ್ತದೆಯೇ, ಮೊಕೊರೊ ನಡೆಸುವವರು ಸ್ಥಳೀಯ ಸಮುದಾಯ ಟ್ರಸ್ಟಿನವರೇ ಎಂದು ವಿಚಾರಿಸುವುದು ಸಣ್ಣ ಮಾತಲ್ಲ.

ಒಂದು ಆತಂಕವನ್ನು ಮಾತ್ರ ಪ್ರವಾಸದ ನಕ್ಷೆಗಳು ತೋರಿಸುವುದಿಲ್ಲ. ವಿಶ್ವ ಪರಂಪರೆಯ ರಕ್ಷಣೆ ಇರುವುದು ಬೋಟ್ಸ್ವಾನಾದ ಜೌಗಿಗೆ. ಅದರ ನೀರು ಹುಟ್ಟುವ ಅಂಗೋಲಾದ ನಾಡು ಆ ಗಡಿಯ ಹೊರಗಿದೆ. 2002ರಲ್ಲಿ ಕೊನೆಗೊಂಡ ಅಂತರ್ಯುದ್ಧದ ನೆಲಬಾಂಬುಗಳ ಭಯದಿಂದ ಜನರು ಬಹುಕಾಲ ಅತ್ತ ಸುಳಿಯದೆ ನದಿಯ ಮೂಲಗಳು ಹಾಗೆಯೇ ಉಳಿದವು. ಬಾಂಬುಗಳನ್ನು ತೆರವುಗೊಳಿಸುತ್ತಿದ್ದಂತೆ ರಸ್ತೆ, ಬೇಸಾಯ, ನೀರಾವರಿಯ ಆಸೆಗಳು ಅಲ್ಲಿಯೂ ಮೊಳೆಯುತ್ತಿವೆ, ಯುದ್ಧದಲ್ಲಿ ನೊಂದ ಆ ಜನರಿಗೆ ಅವು ಬೇಡವೆನ್ನಲು ಯಾರಿಗೂ ಹಕ್ಕಿಲ್ಲ. ಮೇಲ್ಭಾಗದಲ್ಲಿ ಎಷ್ಟು ನೀರು ತಿರುಗಿಸಬಹುದು, ಕೆಳಗೆ ಎಷ್ಟು ಹರಿಯಬೇಕು ಎಂಬ ಮಾತುಕತೆಗೆ ಅಂಗೋಲಾ, ನಮೀಬಿಯಾ, ಬೋಟ್ಸ್ವಾನಾ ಸೇರಿ 1994ರಲ್ಲಿ ರಚಿಸಿಕೊಂಡ ಒಕವಾಂಗೊ ನದಿ ಆಯೋಗವೇ ವೇದಿಕೆ.